ಯಂತ್ರಾಪಾಯಗಳೂ ಎಚ್ಚರಿಕೆಯ ಚಿಹ್ನೆಗಳೂ

ಕಾರ್ಖಾನೆಗಳಲ್ಲಿ ಯಂತ್ರಗಳ ಮೈಮೇಲೆಯೂ ಅವುಗಳ ಆಸುಪಾಸಿನಲ್ಲಿಯೂ ಕಾಣುವ ಎಚ್ಚರಿಕೆಯ ಫಲಕಗಳನ್ನು ಅಭ್ಯಾಸಯೋಗ್ಯವಾದ ವಿಷಯವೆಂದು ಎಣಿಸುವವರು ವಿರಳ. ಅದು ಬಣ್ಣ ಬಳಿಯುವವನ ಕೆಲಸ, ಇಲ್ಲವೆ ತಪಾಸಣೆಯ ಮುನ್ನಾದಿನ ಅಂಗಡಿಯಿಂದ ತಂದು ಮೊಳೆ ಹೊಡೆಯುವ ತಗಡು ಎಂಬ ಭಾವನೆಯೇ ಹೆಚ್ಚು. ಆದರೆ ಚಿಹ್ನೆಯೂ ಒಂದು ಭಾಷೆ. ಅದಕ್ಕೆ ಶಬ್ದಾರ್ಥಗಳಿವೆ, ವ್ಯಾಕರಣವಿದೆ, ಅಪಪ್ರಯೋಗವೂ ಉಂಟು. ಮಾತಿನ ಅಪಪ್ರಯೋಗದಿಂದ ಅರ್ಥ ಕೆಡುತ್ತದೆ. ಈ ಭಾಷೆಯ ಅಪಪ್ರಯೋಗದಿಂದ ಬೆರಳು ಹೋಗುತ್ತದೆ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಆದುದರಿಂದ ಯಾವ ಅಪಾಯಕ್ಕೆ ಯಾವ ಚಿಹ್ನೆ ತಕ್ಕುದು ಎಂಬ ಪ್ರಶ್ನೆಯನ್ನು, ಬಹುಭಾಷೆಯ ಕೆಲಸಗಾರರು ಕೂಡಿರುವ ಆಂಧ್ರದ ಎರಡು ನಗರಗಳನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ವಿಶಾಖಪಟ್ಟಣದ ಬಂದರು ೧೯೩೩ರಲ್ಲಿ ತೆರೆಯಿತು. ೧೯೪೧ರಲ್ಲಿ ಹಡಗುಕಟ್ಟೆಗೆ ಅಸ್ತಿಭಾರ ಬಿದ್ದು, ೧೯೪೮ರಲ್ಲಿ 'ಜಲ ಉಷಾ' ಎಂಬ ಹಡಗು ಅಲ್ಲಿಂದ ನೀರಿಗಿಳಿಯಿತು. ೧೯೫೭ರಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆ ಬಂದಿತು. ಉಕ್ಕಿನ ಕಾರ್ಖಾನೆಯು ೧೯೯೨ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ವಿಜಯವಾಡವಾದರೋ ರೈಲು ಮಾರ್ಗಗಳ ಮಹಾಸಂಗಮ. ಅದರ ಬಳಿಯ ಇಬ್ರಾಹಿಂಪಟ್ಣದಲ್ಲಿ ೧೯೭೯ರಿಂದ ಕಲ್ಲಿದ್ದಲಿನಿಂದ ವಿದ್ಯುತ್ತು ಉತ್ಪನ್ನವಾಗುತ್ತಿದೆ. ಊರಿನ ಆಟೋನಗರದಲ್ಲಿ ಲಾರಿಗಳ ಮೈಕಟ್ಟುವ, ಲೇತು ತಿರುಗಿಸುವ, ಬೆಸುಗೆ ಹಾಕುವ ಸಣ್ಣ ಕಾರ್ಯಾಗಾರಗಳು ಸಾಲುಸಾಲಾಗಿವೆ. ಇಂಥ ಸ್ಥಳಗಳಲ್ಲಿ ತೆಲುಗರ ಜೊತೆಗೆ ಒಡಿಯಾ, ಹಿಂದಿ, ಬಂಗಾಳಿ, ತಮಿಳು ಮಾತನಾಡುವವರೂ, ಕೆಲಸವನ್ನರಸಿ ಹೋದ ಕನ್ನಡಿಗರೂ ಒಂದೇ ಚಾವಣಿಯ ಕೆಳಗೆ ದುಡಿಯುತ್ತಾರೆ.

೧೯೪೮ರ ಕಾರ್ಖಾನೆಗಳ ಕಾಯಿದೆಯ ೧೦೮ನೆಯ ಪ್ರಕರಣವು, ಕಾಯಿದೆಯ ಮೇರೆಗೆ ಹಾಕುವ ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಒಂದು ಭಾಷೆಯಲ್ಲಿಯೂ ಇರತಕ್ಕದ್ದೆಂದು ವಿಧಿಸಿತ್ತು. ನಿಯಮ ವಿವೇಕಯುತವಾದದ್ದೇ. ಆದರೆ ಹೆಚ್ಚಿನವರಿಗೆ ತಿಳಿದುದು ಎಲ್ಲರಿಗೂ ತಿಳಿದುದಲ್ಲ. ನಿನ್ನೆ ಬಂದು ಇಂದು ಕೆಲಸಕ್ಕೆ ಸೇರಿದವನೇ ಯಂತ್ರದ ಗುಣವನ್ನು ಅರಿಯದವನು. ಆ ಊರಿನ ಲಿಪಿಯನ್ನು ಓದಲಾರದವನೂ ಬಹುಮಟ್ಟಿಗೆ ಅವನೇ. ಎಚ್ಚರಿಕೆಯ ಅಗತ್ಯ ಯಾರಿಗೆ ಹೆಚ್ಚೋ ಅವನಿಗೇ ಅದು ತಲುಪದೆ ಹೋಗುವುದು ಬರಹದ ಫಲಕದ ಮುಖ್ಯ ಕೊರತೆ.

ಇನ್ನು, ಓದಬಲ್ಲವನಿಗೆ ಸಂಕಟವಿಲ್ಲವೆಂದೂ ಹೇಳುವಂತಿಲ್ಲ. ತೆಲುಗು ಕನ್ನಡಗಳ ಲಿಪಿಗಳು ಒಂದೇ ಮೂಲದವು. ಕನ್ನಡಿಗನು ತುಸು ಪ್ರಯಾಸದಿಂದ ತೆಲುಗಿನ ದೊಡ್ಡ ಅಕ್ಷರಗಳನ್ನು ಕೂಡಿಸಿ ಓದಿಯಾನು. ಆದರೆ ಓದಿದ ಪದವು 'ಪ್ರಮಾದಮು' ಎಂದಿದ್ದರೆ? ಸಂಸ್ಕೃತದಲ್ಲಿ ಪ್ರಮಾದವೆಂದರೆ ಅನವಧಾನ, ಮೈಮರೆವು. ಕನ್ನಡದಲ್ಲಿ ಆ ಪದ 'ತಪ್ಪು', 'ಅಚಾತುರ್ಯ' ಎಂಬ ಅರ್ಥದಲ್ಲಿ ನಿಂತಿತು. ತೆಲುಗಿನಲ್ಲಿ ಅದು 'ಅಪಾಯ', 'ಅಪಘಾತ' ಎಂಬ ಅರ್ಥಕ್ಕೆ ಸರಿಯಿತು. ಹೀಗಾಗಿ ತೆಲುಗನನ್ನು ಹಿಂದಕ್ಕೆ ಸರಿಸುವ ಪದವು ಕನ್ನಡಿಗನಿಗೆ ಯಾರೋ ಮಾಡಿದ ತಪ್ಪೊಂದರ ಸುದ್ದಿಯಂತೆ ತೋರೀತು. ಹಿಂದಿಯ 'ಸಾವಧಾನ್' ಎಂಬುದರ ಗತಿಯೂ ಇಂಥದೇ. ಅಲ್ಲಿ ಅದಕ್ಕೆ 'ಎಚ್ಚರ' ಎಂದರ್ಥ. ಕನ್ನಡದಲ್ಲಿ 'ಸಾವಧಾನ' ಎಂದರೆ ಅವಸರವಿಲ್ಲದೆ, ನಿಧಾನವಾಗಿ, ತಾಳ್ಮೆಯಿಂದ ಎಂದು. ಓಡುತ್ತಿರುವ ಯಂತ್ರದ ಪಟ್ಟಿಯ ಬಳಿ ನಿಧಾನವಾಗಿ ಕೈ ಚಾಚಿದವನ ಗತಿಯೂ ಅವಸರದಿಂದ ಚಾಚಿದವನ ಗತಿಯೂ ಒಂದೇ. ತೋರಿಕೆಗೆ ನೆಂಟರಂತಿದ್ದು ಅರ್ಥದಲ್ಲಿ ಬೇರೆಯಾದ ಇಂಥ ಪದಗಳು ಗ್ರಂಥಾಭ್ಯಾಸಿಗೆ ಕುತೂಹಲದ ವಸ್ತುಗಳು. ಕಾರ್ಖಾನೆಯಲ್ಲಿ ಅವು ಕೇಡಿಗೆ ಕಾರಣವಾಗಬಲ್ಲವು.

ಚಿತ್ರಕ್ಕೆ ಈ ದೋಷವಿಲ್ಲವೆಂದು ಮೊದಲ ನೋಟಕ್ಕೆ ತೋರುತ್ತದೆ. ೧೯೫೧-೫೨ರ ಮೊದಲ ಮಹಾಚುನಾವಣೆಯಿಂದ ಅಕ್ಷರ ಬಾರದ ಮತದಾರರೂ ಚಿತ್ರಗಳನ್ನು ಗುರುತಿಸಿ ಮತ ನೀಡಿದ ದೇಶವಿದು. ಆದರೆ ಚುನಾವಣೆಯ ಚಿಹ್ನೆಗೂ ಎಚ್ಚರಿಕೆಯ ಚಿಹ್ನೆಗೂ ಒಂದು ಮೂಲಭೇದವಿದೆ. ಚುನಾವಣೆಯಲ್ಲಿ ಯಾವ ಚಿತ್ರ ಯಾರಿಗೆ ಸಂದರೂ ನಡೆಯುತ್ತದೆ. ಪ್ರಚಾರದಿಂದ ಅದರ ಅರ್ಥ ಊರ್ಜಿತವಾಗುತ್ತದೆ. ಎಚ್ಚರಿಕೆಯ ಚಿಹ್ನೆಯಾದರೋ ಮುಂಚೆ ಪಾಠ ಹೇಳಿಸಿಕೊಳ್ಳದವನಿಗೂ ಆ ಕ್ಷಣದಲ್ಲಿಯೇ ಅರ್ಥವಾಗಬೇಕು. ಅಲ್ಲದೆ ಒಂದು ಚಿತ್ರ ಎರಡೆಡೆಗಳಲ್ಲಿ ಎರಡು ಅರ್ಥಗಳನ್ನು ಕೊಡಕೂಡದು.

ಈ ಎರಡನೆಯ ನಿಯಮ ಭಂಗವಾಗಿರುವುದಕ್ಕೆ ತಲೆಬುರುಡೆಯೇ ನಿದರ್ಶನ. ೧೯೫೬ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ೩೫ನೆಯದು, ಮಧ್ಯಮ ಮತ್ತು ಅದಕ್ಕೆ ಮೇಲ್ಪಟ್ಟ ಒತ್ತಡದ ವಿದ್ಯುತ್ ಸ್ಥಾಪನೆಗಳ ಮೇಲೆ ಹಿಂದಿ ಅಥವಾ ಇಂಗ್ಲಿಷಿನಲ್ಲಿಯೂ ಜಿಲ್ಲೆಯ ಭಾಷೆಯಲ್ಲಿಯೂ ಬರೆದ, ತಲೆಬುರುಡೆ ಮತ್ತು ಎಲುಬುಗಳ ಚಿತ್ರವುಳ್ಳ ಅಪಾಯಸೂಚಕ ಫಲಕವಿರಬೇಕೆಂದು ಹೇಳಿತ್ತು. ಆ ನಿಯಮಗಳ ಸ್ಥಾನದಲ್ಲಿ ೨೦೧೦ರಲ್ಲಿ ಹೊಸ ನಿಬಂಧನೆಗಳು ಬಂದವು. ೨೦೨೩ರಲ್ಲಿ ಅವುಗಳ ಬದಲು ಮತ್ತೆ ಹೊಸವು ಬಂದವು. ಫಲಕ ಮಾತ್ರ ಜನರ ಕಣ್ಣಿನಲ್ಲಿ ಉಳಿದಿದೆ. ವಿಜಯವಾಡದ ಬೀದಿಯ ಟ್ರಾನ್ಸ್‌ಫಾರ್ಮರಿನ ಮೇಲೆಯೂ ಬೆಂಗಳೂರಿನ ಬೀದಿಯ ಟ್ರಾನ್ಸ್‌ಫಾರ್ಮರಿನ ಮೇಲೆಯೂ ಅದೇ ಬುರುಡೆ. ಈ ಕಾರಣದಿಂದ ನಮ್ಮ ಜನಕ್ಕೆ ತಲೆಬುರುಡೆಯೆಂದರೆ 'ಕರೆಂಟು, ಮುಟ್ಟಬೇಡ' ಎಂದೇ ರೂಢಿಯಾಗಿದೆ. ಆದರೆ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ವಿದ್ಯುತ್ತಿಗೆ ಮಿಂಚಿನ ಬಾಣವನ್ನೂ ವಿಷವಸ್ತುವಿಗೆ ತಲೆಬುರುಡೆಯನ್ನೂ ನಿಯಮಿಸಲಾಗಿದೆ. ಬಂದರಿಗೆ ಬಂದಿಳಿದ ವಿಷದ ಪೀಪಾಯಿಯ ಮೇಲೆ ಈ ಬುರುಡೆಯನ್ನು ಕಂಡ ಕೆಲಸಗಾರನು, ರೂಢಿಯ ಅರ್ಥವನ್ನೇ ಹಿಡಿದು, ಅದನ್ನು ಮುಟ್ಟದೆ ಪಕ್ಕದಲ್ಲಿಯೇ ನಿಂತು ಉಸಿರಾಡುತ್ತಿರಬಹುದು. ಅವನು ಚಿಹ್ನೆಯನ್ನು ಅಲಕ್ಷಿಸಲಿಲ್ಲ, ಪಾಲಿಸಿದನು. ಪಾಲಿಸಿಯೂ ಅಪಾಯಕ್ಕೆ ಸಿಕ್ಕಿದನು. ಬುರುಡೆಯ ಕೊರತೆ ಇದು: ಸಾವಿದೆ ಎಂದು ಅದು ಹೇಳುತ್ತದೆ, ಸಾವು ಯಾವ ದಾರಿಯಿಂದ ಬರುತ್ತದೆಂದು ಹೇಳುವುದಿಲ್ಲ.

ಈ ಗೊಂದಲವನ್ನು ಕಳೆಯಲೆಂದೇ ಚಿಹ್ನೆಗಳಿಗೆ ವ್ಯವಸ್ಥೆಯೊಂದು ಏರ್ಪಟ್ಟಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೧೯೬೭ರಲ್ಲಿ ಈ ಬಗ್ಗೆ ಶಿಫಾರಸೊಂದನ್ನು ಹೊರಡಿಸಿತು. ೧೯೮೪ರಲ್ಲಿ ೩೮೬೪ನೆಯ ಮಾನಕವೂ, ಅಂಗೀಕೃತ ಚಿತ್ರಗಳ ಸಂಗ್ರಹವಾದ ೭೦೧೦ನೆಯ ಮಾನಕವು ೨೦೦೩ರಲ್ಲಿಯೂ ಬಂದವು. ಭಾರತದಲ್ಲಿ ೯೪೫೭ನೆಯ ಮಾನಕ ೧೯೮೦ರಲ್ಲಿ ಪ್ರಕಟವಾಗಿ ೨೦೦೫ರಲ್ಲಿ ಪರಿಷ್ಕೃತವಾಯಿತು. ಇವುಗಳ ವ್ಯಾಕರಣ ಸರಳ. ಹಳದಿಯ ನೆಲ, ಕಪ್ಪು ಅಂಚು ಉಳ್ಳ ತ್ರಿಕೋನವೆಂದರೆ ಎಚ್ಚರಿಕೆ. ಕೆಂಪು ಬಳೆಗೆ ಅಡ್ಡಗೆರೆ ಎಳೆದಿದ್ದರೆ ನಿಷೇಧ. ನೀಲಿಯ ದುಂಡುಬಿಲ್ಲೆ ಎಂದರೆ ಕಡ್ಡಾಯವಾಗಿ ಮಾಡಬೇಕಾದದ್ದು. ಹಸುರು ಚೌಕವೆಂದರೆ ಕ್ಷೇಮದ ದಾರಿ ಅಥವಾ ಚಿಕಿತ್ಸೆಯ ಸ್ಥಳ. ಬಣ್ಣ, ಆಕಾರಗಳೆರಡೂ ಒಂದೇ ಮಾತನ್ನು ಹೇಳುವುದರಿಂದ, ಬಣ್ಣಗುರುಡಿನವನಿಗೂ ಮಬ್ಬು ಬೆಳಕಿನಲ್ಲಿ ನೋಡುವವನಿಗೂ ಆಕಾರವೊಂದೇ ದಾರಿ ತೋರಿಸೀತು. ತ್ರಿಕೋನದಲ್ಲಿ ಹಳದಿಯು ಅರ್ಧಕ್ಕೆ ಕಡಮೆಯಾಗಬಾರದೆಂಬ ಕಟ್ಟೂ ಉಂಟು.

ವ್ಯಾಕರಣ ತಿಳಿದ ಮಾತ್ರಕ್ಕೆ ಸರಿಯಾದ ವಾಕ್ಯ ಹುಟ್ಟುವುದಿಲ್ಲ. ಚಿಹ್ನೆಯನ್ನು ಆರಿಸುವವನು ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬೇಕು: ಕೇಡು ಮಾಡುವ ವಸ್ತು ಯಾವುದು? ಅದು ಮೈಯ ಯಾವ ಭಾಗವನ್ನು ಯಾವ ರೀತಿಯಲ್ಲಿ ತಾಕುತ್ತದೆ? ತಾಕಿದರೆ ಆಗುವ ಹಾನಿ ಎಷ್ಟು? ತಪ್ಪಿಸಿಕೊಳ್ಳಲು ಮಾಡಬೇಕಾದದ್ದೇನು? ಮೊದಲೆರಡರ ಉತ್ತರವೇ ಚಿತ್ರ. ಮೂರನೆಯದರಿಂದ ಪದವೂ ಅದರ ಹಿನ್ನೆಲೆಯ ಬಣ್ಣವೂ ನಿರ್ಣಯವಾಗುತ್ತವೆ. ನಾಲ್ಕನೆಯದು ನಿಷೇಧದ ಬಳೆಯನ್ನೋ ನೀಲಿಯ ಬಿಲ್ಲೆಯನ್ನೋ ಜೊತೆಗೆ ತರುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ವಿಶಾಖಪಟ್ಟಣಕ್ಕೆ ಸಮೀಪದ ಅನಕಾಪಲ್ಲಿ ಬೆಲ್ಲದ ಪೇಟೆಗೆ ಹೆಸರಾದದ್ದು, ನಮ್ಮಲ್ಲಿ ಮಂಡ್ಯವಿದ್ದಂತೆ. ಆಲೆಮನೆಯನ್ನು ಕಂಡವರೆಲ್ಲ ಗಾಣದ ಉರುಳೆಗಳನ್ನು ಬಲ್ಲರು. ಎದುರುಬದುರಾಗಿ ತಿರುಗುವ ಆ ಉರುಳೆಗಳ ನಡುವೆ ಕಬ್ಬಿನ ಜೊತೆಗೆ ಬೆರಳು ಸಿಕ್ಕಿದರೆ, ಉರುಳೆಯು ಬೆರಳನ್ನು ಜಜ್ಜಿ ಅಲ್ಲಿಗೇ ಬಿಡುವುದಿಲ್ಲ. ಕೈಯನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಇಂಥ ಗಾಣಕ್ಕೆ ಬರಿಯ ಆಶ್ಚರ್ಯಸೂಚಕವುಳ್ಳ ತ್ರಿಕೋನವನ್ನು ಅಂಟಿಸಿದರೆ 'ಏನೋ ಇದೆ' ಎಂದಷ್ಟೇ ಹೇಳಿದಂತಾಯಿತು. ಮೇಲಿನಿಂದ ಇಳಿಯುವ ಹಲಗೆಯ ಕೆಳಗೆ ಕೈ ಜಜ್ಜುವಂತೆ ತೋರಿಸುವ ಡಬ್ಲ್ಯು ೦೨೪ನೆಯ ಚಿಹ್ನೆಯೂ ಇದಕ್ಕೆ ಸಲ್ಲದು. ಅದು ಆಟೋನಗರದಲ್ಲಿ ತಗಡನ್ನು ಒತ್ತುವ ಪ್ರೆಸ್ಸಿಗೆ ತಕ್ಕುದು. ಗಾಣಕ್ಕೆ ಸಲ್ಲುವುದು ಎರಡು ಉರುಳೆಗಳ ನಡುವೆ ಕೈ ಎಳೆಯಲ್ಪಡುವುದನ್ನು ತೋರಿಸುವ ಡಬ್ಲ್ಯು ೦೨೫. ಪ್ರೆಸ್ಸಿನ ಅಪಾಯ ಹೊಡೆತದ ಹೊತ್ತಿನದು. ಉರುಳೆಯ ಅಪಾಯ ಎಡೆಬಿಡದ್ದು. ಅಲ್ಲಿ ಹೊಡೆತಗಳ ನಡುವೆ ಕೈ ಹೊರಗೆ ಬಂದೀತು, ಇಲ್ಲಿ ಬಾರದು. ಈ ಭೇದವನ್ನು ಚಿತ್ರವು ಹೇಳಬೇಕು.

ಬಂದರಿನಲ್ಲಿ ಅದಿರನ್ನೂ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲನ್ನೂ ಸಾಗಿಸುವ ಕನ್ವೇಯರ್ ಪಟ್ಟಿಯದು ಇದೇ ಜಾತಿಯ ಅಪಾಯ. ಸೆಕೆಂಡಿಗೆ ೨ ಮೀಟರ್ ವೇಗದಿಂದ ಓಡುವ ಪಟ್ಟಿಯು, ಮನುಷ್ಯನು ಬೆಚ್ಚಿ ಕೈ ಹಿಂದೆಗೆಯಲು ಹಿಡಿಯುವ ಅರ್ಧ ಸೆಕೆಂಡಿನಲ್ಲಿ ೧ ಮೀಟರ್ ಮುಂದೆ ಹೋಗಿರುತ್ತದೆ. ಮೇಲಾಗಿ ನಿಂತಿದ್ದ ಪಟ್ಟಿ ಎಲ್ಲಿಯೋ ದೂರದ ಗುಂಡಿಯಿಂದ ತಾನಾಗಿ ಚಲಿಸತೊಡಗಬಹುದು. ಅದಕ್ಕಾಗಿ ತಾನೇ ಚಾಲೂ ಆಗುವ ಯಂತ್ರವನ್ನು ಸೂಚಿಸುವ ಡಬ್ಲ್ಯು ೦೧೮ ಬೇರೆಯಾಗಿ ಬೇಕು. ಸ್ವಿಚ್ಚುಹಲಗೆಗೆ ಮಿಂಚಿನ ಬಾಣದ ಡಬ್ಲ್ಯು ೦೧೨, ಹಡಗುಕಟ್ಟೆಯ ಕ್ರೇನಿನ ಕೆಳಗಣ ನೆಲಕ್ಕೆ ತೂಗುವ ಹೊರೆಯ ಡಬ್ಲ್ಯು ೦೧೫, ಬಿಸಿಯಾದ ಕೊಳವೆಗೆ ಡಬ್ಲ್ಯು ೦೧೭ ಎಂದು ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಚಿತ್ರಗಳಿವೆ. ಅಂಗೀಕೃತ ಚಿತ್ರವಿರುವಲ್ಲಿ ಹೊಸದನ್ನು ಕಲ್ಪಿಸುವುದು ಅನುಚಿತ. ಒಂದು ಕಾರ್ಖಾನೆಯನ್ನು ಬಿಟ್ಟು ಇನ್ನೊಂದನ್ನು ಸೇರುವ ಕೆಲಸಗಾರನು ತಾನು ಕಲಿತ ಚಿಹ್ನೆಗಳನ್ನೂ ಜೊತೆಗೆ ಒಯ್ಯುತ್ತಾನೆ. ಒಂದು ಊರಿನ ನಾಣ್ಯ ಮತ್ತೊಂದು ಊರಿನಲ್ಲಿ ನಡೆಯಬೇಕಾದರೆ ಟಂಕಸಾಲೆ ಒಂದೇ ಆಗಿರಬೇಕು.

ನಾಣ್ಯದ ಹೋಲಿಕೆ ಇನ್ನೊಂದು ವಿಷಯದಲ್ಲಿಯೂ ಸಲ್ಲುತ್ತದೆ. ಅಗತ್ಯ ಮೀರಿ ಅಚ್ಚು ಹಾಕಿದ ನೋಟುಗಳ ಬೆಲೆ ಕುಸಿಯುವಂತೆ, ಗೋಡೆಯ ತುಂಬ ಅಂಟಿಸಿದ ಫಲಕಗಳ ಬೆಲೆಯೂ ಕುಸಿಯುತ್ತದೆ. ಗೀರುಗಾಯದ ಸಂಭವಕ್ಕೂ ಮರಣದ ಸಂಭವಕ್ಕೂ ಒಂದೇ ಕೆಂಪು, ಒಂದೇ 'ಅಪಾಯ' ಎಂದರೆ ಕಣ್ಣು ಎರಡನ್ನೂ ಕಾಣದಾಗುತ್ತದೆ. ಯಂತ್ರಗಳಿಗೆ ಅಂಟಿಸುವ ಚೀಟಿಗಳಲ್ಲಿ ಮೂರು ತಾರತಮ್ಯಗಳನ್ನು ಇಟ್ಟಿರುವುದು ಇದಕ್ಕಾಗಿಯೇ: ತಪ್ಪಿಸಿಕೊಳ್ಳದಿದ್ದರೆ ಸಾವೋ ಘೋರವಾದ ಗಾಯವೋ ಆಗಿಯೇ ತೀರುವಲ್ಲಿ ಮೊದಲನೆಯ ಪದ, ಕೆಂಪಿನ ಮೇಲೆ; ಆಗಬಹುದಾದಲ್ಲಿ ಎರಡನೆಯದು, ಕಿತ್ತಳೆಯ ಮೇಲೆ; ಸಣ್ಣ ಗಾಯವಾಗಬಹುದಾದಲ್ಲಿ ಮೂರನೆಯದು, ಹಳದಿಯ ಮೇಲೆ. ಕನ್ನಡದಲ್ಲಿ ಇವಕ್ಕೆ 'ಅಪಾಯ', 'ಎಚ್ಚರಿಕೆ', 'ಜಾಗ್ರತೆ' ಎಂದು ಕ್ರಮವಾಗಿ ನಿಯಮಿಸಿಕೊಂಡರೆ ಸರಿಹೋದೀತು. ತೆಲುಗಿನಲ್ಲಿಯೂ 'ಅಪಾಯಮು', 'ಹೆಚ್ಚರಿಕ', 'ಜಾಗ್ರತ್ತ' ಎಂಬ ಪದಗಳಿರುವುದರಿಂದ ಈ ಮೂರು ಎರಡು ಭಾಷೆಯವರಿಗೂ ಸುಲಭಗ್ರಾಹ್ಯ. ತೆಲುಗಿನ ಫಲಕ ಬರೆಯುವವರು 'ಪ್ರಮಾದಮು' ಎಂಬುದಕ್ಕೆ ಬದಲಾಗಿ 'ಅಪಾಯಮು' ಎಂದು ಬರೆದರೆ ತೆಲುಗರಿಗೆ ನಷ್ಟವಿಲ್ಲ, ಕನ್ನಡಿಗರಿಗೆ ಲಾಭವಿದೆ. 'ಮುಟ್ಟಕೂಡದು' ಎಂಬ ನಿಷೇಧರೂಪವಂತೂ ಎರಡು ಭಾಷೆಗಳಿಗೂ ಹಾಗೆ ಹಾಗೆಯೇ ಸಲ್ಲುತ್ತದೆ.

ಆರಿಸಿದ ಚಿಹ್ನೆ ನೋಡುವವರಿಗೆ ಅರ್ಥವಾಗುತ್ತದೆಯೇ ಎಂಬುದನ್ನು ಆರಿಸಿದವನು ತಾನೇ ತೀರ್ಮಾನಿಸಲಾಗದು, ನೋಡುವವರನ್ನೇ ಕೇಳಬೇಕು. ಅಮೆರಿಕದ ಮಾನಕದಲ್ಲಿ, ಪರೀಕ್ಷೆಗೆ ಕರೆದವರಲ್ಲಿ ನೂರಕ್ಕೆ ೮೫ ಮಂದಿ ಸರಿಯಾದ ಅರ್ಥ ಹೇಳಬೇಕು. ವಿಪರೀತವಾದ ಅರ್ಥ ಹೇಳುವವರು ನೂರಕ್ಕೆ ೫ನ್ನು ಮೀರಕೂಡದು. ಎರಡನೆಯ ನಿಬಂಧನೆಯೇ ಹೆಚ್ಚು ಮಹತ್ತ್ವದ್ದು. 'ತಿಳಿಯದು' ಎನ್ನುವವನು ಇನ್ನೊಬ್ಬನನ್ನು ಕೇಳಿಯಾನು. ತಪ್ಪಾಗಿ ತಿಳಿದವನು ಕೇಳುವುದಿಲ್ಲ.

ಈ ಪರೀಕ್ಷೆಯ ಬೆಲೆಯನ್ನು ವಿಕಿರಣದ ಚಿಹ್ನೆಯ ಇತಿಹಾಸ ತೋರಿಸಿಕೊಡುತ್ತದೆ. ಮೂರು ಎಸಳುಗಳ ಆ ಚಿಹ್ನೆ ೧೯೪೬ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ರೂಪುಗೊಂಡಿತು. ಕಲಿತವರಿಗೆ ಅದು ಸುಪರಿಚಿತ. ಕಲಿಯದವನಿಗೆ ಅದು ಯಾವ ಕೇಡನ್ನೂ ಹೋಲುವುದಿಲ್ಲ. ಆದಕಾರಣ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು ಭಾರತವೂ ಸೇರಿದಂತೆ ೧೧ ದೇಶಗಳಲ್ಲಿ ೧,೬೫೦ ಮಂದಿಯನ್ನು ಕೇಳಿ ನೋಡಿ, ೨೦೦೭ರ ಫೆಬ್ರವರಿಯಲ್ಲಿ ಹೊಸದೊಂದು ಚಿಹ್ನೆಯನ್ನು ಪ್ರಕಟಿಸಿತು. ಕೆಂಪು ತ್ರಿಕೋನದೊಳಗೆ ಎಸಳುಗಳಿಂದ ಹೊರಡುವ ಅಲೆಗಳು, ತಲೆಬುರುಡೆ, ಓಡಿಹೋಗುತ್ತಿರುವ ಮನುಷ್ಯ: ಕೇಡಿನ ಮೂಲ, ಅದರ ಫಲ, ಪಾರಾಗುವ ಬಗೆ, ಮೂರೂ ಇದರಲ್ಲಿವೆ. ಇದನ್ನು ಉಪಕರಣದ ಹೊರಮೈಗಲ್ಲ, ಬಿಚ್ಚುವವನ ಕಣ್ಣಿಗೆ ಬೀಳುವಂತೆ ಒಳಗಡೆ ಅಂಟಿಸತಕ್ಕದ್ದು. ೨೦೧೦ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ, ಹಳೆಯ ಉಪಕರಣವೊಂದನ್ನು ಬಿಚ್ಚಿದಾಗ ಕೋಬಾಲ್ಟ್-೬೦ ಹೊರಬಿದ್ದು ಒಬ್ಬನು ಮೃತನಾದನು, ಹಲವರು ಅಸ್ವಸ್ಥರಾದರು. ಯಂತ್ರವನ್ನು ನಡೆಸುವವನು ಮಾತ್ರವಲ್ಲ, ಅದರ ಆಯುಷ್ಯ ತೀರಿದ ಮೇಲೆ ಒಡೆಯುವವನೂ ಚಿಹ್ನೆಯ ವಾಚಕನೆಂಬುದನ್ನು ಆ ಘಟನೆ ನೆನಪಿಸುತ್ತದೆ.

ಚಿಹ್ನೆಯ ಅಳತೆ ಮತ್ತು ಸ್ಥಾನಗಳೂ ಅರ್ಥದ ಭಾಗಗಳೇ. ನೋಡುವ ದೂರವನ್ನು ಮೀಟರಿನಲ್ಲಿ ಹಿಡಿದು ಅದರ ವರ್ಗವನ್ನು ೨,೦೦೦ದಿಂದ ಭಾಗಿಸಿದರೆ ಫಲಕದ ಕನಿಷ್ಠ ವಿಸ್ತೀರ್ಣ ಚದರ ಮೀಟರಿನಲ್ಲಿ ಸಿಗುತ್ತದೆ. ೧೦ ಮೀಟರ್ ದೂರದಿಂದ ಕಾಣಬೇಕಾದರೆ ೦.೦೫ ಚದರ ಮೀಟರ್, ಎಂದರೆ ಸುಮಾರು ೩೪ ಸೆಂಟಿಮೀಟರ್ ಭುಜದ ತ್ರಿಕೋನ ಬೇಕು. ಅದು ಅಪಾಯದ ಎಡೆಗೆ ಹತ್ತಿರವಾಗಿಯೂ, ಅಲ್ಲಿಗೆ ಕೈ ಹೋಗುವ ಮೊದಲೇ ಕಾಣುವಂತೆಯೂ ಇರಬೇಕು. ಬಾಗಿಲು ತೆರೆದಾಗ ಅದರ ಹಿಂದೆ ಮರೆಯಾಗಬಾರದು. ಜಿಡ್ಡು, ಕಲ್ಲಿದ್ದಲ ಧೂಳು, ಕಡಲಗಾಳಿಯ ಉಪ್ಪು ಇವು ಅದನ್ನು ಮಸುಕುಗೊಳಿಸುತ್ತವೆ. ಕನಕದುರ್ಗೆಯ ಊರಾದ ವಿಜಯವಾಡದಲ್ಲಿ ದಸರೆ ಎಷ್ಟು ವಿಜೃಂಭಣೆಯದೆಂಬುದು ಸರ್ವವಿದಿತ. ಆಯುಧಪೂಜೆಯ ದಿನ ಲೇತು, ಮೋಟಾರು, ಸ್ವಿಚ್ಚುಹಲಗೆಗಳಿಗೆಲ್ಲ ಅರಿಸಿನ ಕುಂಕುಮಗಳ ಲೇಪನವಾಗುವುದು ಅಲ್ಲಿಯಂತೆ ನಮ್ಮಲ್ಲಿಯೂ ಉಂಟು. ಭಕ್ತಿಯಿಂದ ಹಚ್ಚಿದ ಕುಂಕುಮವು ಹಳದಿ ತ್ರಿಕೋನದೊಳಗಿನ ಕೈಯನ್ನೋ ಉರುಳೆಯನ್ನೋ ಮುಚ್ಚಿಬಿಟ್ಟರೆ, ಮರುದಿನದ ಹೊಸ ಆಳಿಗೆ ಅಲ್ಲಿ ಎಚ್ಚರಿಕೆಯೇ ಇಲ್ಲದಂತಾಗುತ್ತದೆ. ಪೂಜೆಯಾದ ಮೇಲೆ ಫಲಕವನ್ನು ಒರೆಸಿಡುವುದು ಕಾರ್ಖಾನೆಯ ಕ್ರಮದಲ್ಲಿ ಸೇರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಚಿಹ್ನೆಯ ಮಿತಿಯನ್ನೂ ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ೨೦೨೦ರ ಆಗಸ್ಟ್ ೧ರಂದು ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಿ ಕ್ರೇನೊಂದು ಪರೀಕ್ಷೆಯ ಕಾಲದಲ್ಲಿ ಕುಸಿದು ೧೧ ಮಂದಿ ಮೃತರಾದರು. ಕ್ರೇನೇ ಕುಸಿಯುವಲ್ಲಿ ತೂಗುವ ಹೊರೆಯ ಚಿಹ್ನೆ ಎಷ್ಟು ಚೆನ್ನಾಗಿದ್ದರೂ ಕಾಪಾಡಲಾರದು. ಅದೇ ವರ್ಷದ ಮೇ ೭ರ ನಸುಕಿನಲ್ಲಿ ಆರ್. ಆರ್. ವೆಂಕಟಾಪುರದ ಕಾರ್ಖಾನೆಯಿಂದ ಸ್ಟೈರೀನ್ ಆವಿ ಹೊರಟು ೧೨ ಮಂದಿ ಪ್ರಾಣ ನೀಗಿದರು. ಮಲಗಿದ್ದ ಊರಿಗೆ ಕಣ್ಣಿನ ಚಿಹ್ನೆಯಿಂದ ಏನು ಪ್ರಯೋಜನ? ಅಲ್ಲಿ ಬೇಕಾದದ್ದು ಕಿವಿಯ ಚಿಹ್ನೆ, ಎಂದರೆ ಕೂಗುವ ಸೈರನ್ನು. ಯಂತ್ರಗಳ ಸುರಕ್ಷತೆಯನ್ನು ಕುರಿತ ೧೨೧೦೦ನೆಯ ಅಂತರರಾಷ್ಟ್ರೀಯ ಮಾನಕವು ಇದಕ್ಕೆ ಕ್ರಮವೊಂದನ್ನು ಹೇಳುತ್ತದೆ: ಮೊದಲು ಯಂತ್ರದ ರಚನೆಯಲ್ಲಿಯೇ ಅಪಾಯವನ್ನು ಕಳೆಯಬೇಕು, ಕಳೆಯಲಾಗದುದಕ್ಕೆ ಮುಚ್ಚುಗೆ, ಕಟಕಟೆಗಳ ರಕ್ಷೆ ಕೊಡಬೇಕು, ಅದನ್ನೂ ಮೀರಿ ಉಳಿದುದಕ್ಕೆ ಮಾತ್ರ ಸೂಚನೆ. ೧೯೪೮ರ ಕಾಯಿದೆಯು ಚಲಿಸುವ ಭಾಗಗಳಿಗೆ ಆವರಣವನ್ನು ಕಡ್ಡಾಯಗೊಳಿಸಿದ್ದೂ, ಹೊಲಗಳಲ್ಲಿ ಒಕ್ಕುವ ಯಂತ್ರಗಳಿಗಾಗಿ ೧೯೮೩ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂದದ್ದೂ ಈ ತತ್ತ್ವಕ್ಕೆ ಅನುಗುಣವಾಗಿಯೇ. ಗಾಣದ ಬಾಯಿಗೆ ತಗಡಿನ ಮುಚ್ಚುಗೆ ಹಾಕಬಹುದಾದಲ್ಲಿ ಹಾಕದೆ ಚಿತ್ರವನ್ನು ಅಂಟಿಸಿ, ಕೈ ಕಳೆದುಕೊಂಡವನಿಗೆ 'ಬರೆದು ಹಾಕಿರಲಿಲ್ಲವೆ?' ಎನ್ನುವುದು ಹೊಣೆಯನ್ನು ಅವನ ತಲೆಗೆ ಕಟ್ಟುವ ಉಪಾಯ.

ಆದರೂ ಮುಚ್ಚುಗೆಯನ್ನು ಎಂದಾದರೊಂದು ದಿನ ತೆಗೆಯಲೇಬೇಕಾಗುತ್ತದೆ; ಎಣ್ಣೆ ಬಿಡಲು, ಸಿಕ್ಕಿಕೊಂಡ ಕಬ್ಬಿನ ಸಿಪ್ಪೆಯನ್ನು ಬಿಡಿಸಲು, ರಾತ್ರಿ ಪಾಳಿಯ ಕೊನೆಯಲ್ಲಿ ಯಂತ್ರವನ್ನು ಶುಚಿಮಾಡಲು. ಆ ಹೊತ್ತಿಗೆ ಎದುರಿನಲ್ಲಿರುವವನು ತೆಲುಗನೋ ಒಡಿಯಾದವನೋ ಕನ್ನಡಿಗನೋ ಆಗಿರಬಹುದು. ಅವನಿಗೆ ಆ ಕ್ಷಣದಲ್ಲಿ ದೊರೆಯುವ ಸಹಾಯ, ಅಂಗೈಯಗಲದ ಹಳದಿ ತ್ರಿಕೋನ, ಅದರೊಳಗೆ ಸರಿಯಾಗಿ ಆರಿಸಿದ ಚಿತ್ರ, ಕೆಳಗೆ ಅವನಿಗೆ ತಿಳಿಯುವ ಎರಡು ಪದಗಳು ಇಷ್ಟೇ. ಇದಕ್ಕೆ ತಗಲುವ ಹಣ ಅತ್ಯಲ್ಪ, ಬೇಕಾದದ್ದು ವಿವೇಚನೆ. ಕಾರ್ಖಾನೆಗಳವರೂ ಭಾಷೆಯನ್ನು ಬಲ್ಲವರೂ ಒಂದೆಡೆ ಕುಳಿತು, ಚಿತ್ರಗಳನ್ನು ಮಾನಕದಿಂದಲೂ ಪದಗಳನ್ನು ಆಡುವವರ ಬಾಯಿಂದಲೂ ಆರಿಸಿ, ಹೊಸ ಆಳುಗಳಿಗೆ ತೋರಿಸಿ ಅರ್ಥ ಕೇಳಿ, ಅನಂತರ ಮೊಳೆ ಹೊಡೆಯುವಂತಾದರೆ ಆ ತಗಡು ಹೆಸರಿಗೆ ತಕ್ಕ ಎಚ್ಚರಿಕೆಯಾಗುತ್ತದೆ.